ರೊಟ್ಟಿಗೆ ಬ್ಯಾಳಿ ಏಕೆ ಬೇಕು?

ಶಹಾಬಾದಿನ ಪರ್ಸಿ ಖಣಿಗೆ ಹೋಗುವವರ ಬುತ್ತಿ ಬಿಚ್ಚಿದರೆ ಜೋಳದ ರೊಟ್ಟಿ, ಅದರ ಮೇಲೊಂದಿಷ್ಟು ಬ್ಯಾಳಿ ಇಲ್ಲವೇ ಪುಂಡಿಪಲ್ಯ, ಬದಿಗೆ ಶೇಂಗಾ ಹಿಂಡಿ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ಊಟ. ಕೈ ಬಿಗಿಯಾದ ದಿನ ಮೊದಲು ತೆಳ್ಳಗಾಗುವುದು ಬ್ಯಾಳಿ. ರೊಟ್ಟಿಯ ಲೆಕ್ಕ ತಪ್ಪುವುದಿಲ್ಲವಲ್ಲ ಎಂದು ಮನೆಯವರಿಗೆ ಸಮಾಧಾನ. ದೇಹದ ಲೆಕ್ಕ ಬೇರೆ.

ತಿಂದ ಪ್ರೋಟೀನು ಹೊಟ್ಟೆ, ಕರುಳಿನಲ್ಲಿ ಒಡೆದು ಅಮೈನೋ ಆಮ್ಲಗಳಾಗುತ್ತದೆ. ಇವುಗಳಲ್ಲಿ ಒಂಬತ್ತನ್ನು ದೇಹ ತಾನಾಗಿ ತಯಾರಿಸಲಾರದು, ಊಟದಿಂದಲೇ ಬರಬೇಕು. ಕೊಬ್ಬಿಗಿರುವಂತೆ ಇವಕ್ಕೆ ಕಣಜವಿಲ್ಲ. ಒಂದು ಕಡಿಮೆ ಬಿದ್ದರೆ ಉಳಿದವು ಮಾಂಸಖಂಡ ಕಟ್ಟಲು ಪೂರ್ತಿ ಬಳಕೆಯಾಗುವುದಿಲ್ಲ. ಪಿತ್ತಜನಕಾಂಗ ಅವುಗಳ ಸಾರಜನಕವನ್ನು ಯೂರಿಯಾ ಮಾಡಿ ಮೂತ್ರದ ದಾರಿ ಹಿಡಿಸುತ್ತದೆ. ಜೋಳದಲ್ಲಿ ನೂರಕ್ಕೆ ಹತ್ತರಷ್ಟು ಪ್ರೋಟೀನು ಇದ್ದರೂ ಲೈಸಿನ್ ತೀರ ಕಡಿಮೆ. ತೊಗರಿಬೇಳೆಯಲ್ಲಿ ಪ್ರೋಟೀನು ಅದರ ಎರಡರಷ್ಟು, ಲೈಸಿನ್ನೂ ಧಾರಾಳ. ಆದರೆ ಮೆಥಿಯೋನಿನ್ ಸಾಲದು. ಆ ಕೊರತೆಯನ್ನು ಜೋಳ ಅಷ್ಟಿಷ್ಟು ತುಂಬುತ್ತದೆ. ಹೆಂಗಸರು ತಲೆಮಾರುಗಳಿಂದ ಮಾಡಿಕೊಂಡು ಬಂದ ಜೋಡಿ ಇದು.

ಜೋಳವೊಂದನ್ನೇ ನಂಬಿದರೆ ಏನಾದೀತು ಎಂಬುದಕ್ಕೆ ಹೈದರಾಬಾದಿನಲ್ಲಿ ಸಾಕ್ಷಿಯಿದೆ. ದಖ್ಖನಿನ ಜೋಳ ತಿನ್ನುವ ಬಡವರಲ್ಲಿ ಪೆಲಾಗ್ರ ಕಾಣಿಸುತ್ತಿತ್ತು: ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮೆ. ನಿಯಾಸಿನ್ ಎಂಬ ಜೀವಸತ್ವದ ಕೊರತೆ ಇದು. ದೇಹ ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫ್ಯಾನ್‌ನಿಂದ 1 ಮಿಲಿಗ್ರಾಂ ನಿಯಾಸಿನ್ ತಾನೇ ಮಾಡಿಕೊಳ್ಳಬಲ್ಲದು. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫ್ಯಾನ್ ಕೊರತೆ, ಸರಿ. ನಮ್ಮ ಜೋಳದಲ್ಲಿ ಅಷ್ಟು ಕೊರತೆಯಿಲ್ಲ. ಹಾಗಾದರೆ ರೋಗ ಎಲ್ಲಿಂದ? 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಬೆರಳು ತೋರಿದ್ದು ಜೋಳದಲ್ಲಿ ಹೇರಳವಾಗಿರುವ ಲ್ಯೂಸಿನ್ ಕಡೆಗೆ. ಅದು ಹೆಚ್ಚಾದರೆ ಟ್ರಿಪ್ಟೊಫ್ಯಾನ್ ನಿಯಾಸಿನ್ ಆಗುವ ದಾರಿ ಕೆಡುತ್ತದೆ ಎಂಬುದು ಅವರ ವಾದ. ಬೇರೆ ಪ್ರಯೋಗಾಲಯಗಳಲ್ಲಿ ಎಲ್ಲರಿಗೂ ಅದೇ ಫಲ ಸಿಗಲಿಲ್ಲ. ತಕರಾರು ಉಳಿದೇ ಇದೆ. ಜೋಳವನ್ನು ದೂರುವ ಮಾತಲ್ಲ ಇದು. ಜೊತೆಗೆ ಬ್ಯಾಳಿ, ಶೇಂಗಾ, ಹಾಲು ಬಿದ್ದರೆ ಭಯವಿಲ್ಲ.

ಬೀಳಬೇಕಲ್ಲ! 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಮಾನ್ಯತೆ ಬಂತು. ಬೆಳೆದವರು ಮೂಟೆ ಕಟ್ಟಿ ಮಂಡಿಗೆ ಒಯ್ಯುತ್ತಾರೆ. ಸಾಲ ತೀರಿ ಮನೆಗೆ ಉಳಿಯುವುದು ಎಷ್ಟು ಸೇರು ಎಂಬುದರ ಮೇಲೆ ಆ ವರ್ಷದ ಬುತ್ತಿಯ ಬ್ಯಾಳಿ ಗಟ್ಟಿಯೋ ತೆಳುವೋ ಆಗುತ್ತದೆ.