ಹಿತ್ತಲ ಗಲ್ಲಿಯ ಆರೋಗ್ಯ

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಪೇಟೆಯ ಮನೆಗಳು ಗೋಡೆಗೆ ಗೋಡೆ ಅಂಟಿದವು, ಪಕ್ಕದಲ್ಲೇ ಧಾನ್ಯದ ಮಂಡಿ; ಇಲಿಗೂ ಅದರ ಚಿಗಟಕ್ಕೂ ಇನ್ನೇನು ಬೇಕು? ಚಿಗಟದ ಪಾತ್ರವನ್ನು ಸಿಮಾಂಡ್ ಎಂಬ ಫ್ರೆಂಚ್ ವೈದ್ಯ ಕಂಡದ್ದೂ ಅದೇ ವರ್ಷ. ಆಡಳಿತ ಅದನ್ನು ನಂಬಲು ವರ್ಷಗಳೇ ಹಿಡಿದವು. ಅಲ್ಲಿಯತನಕ ಮದ್ದೆಂದರೆ ಗಾಳಿ, ಬೆಳಕು. ಬಸವನಗುಡಿ, ಮಲ್ಲೇಶ್ವರ ಹಾಗೆ ಬೆಳೆದವು: ಅಗಲ ರಸ್ತೆ, ಬಿಡಿ ನಿವೇಶನ.

ನಗರ ಚರಿತ್ರೆಕಾರರು ಇದನ್ನು ದೂರದೃಷ್ಟಿ ಅಂತ ಹೊಗಳಿ ಸುಮ್ಮನಾಗುತ್ತಾರೆ. ಆ ಮನೆಗಳ ಬೆನ್ನಿಗೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಯನ್ನು ಯಾರೂ ಓದುವುದಿಲ್ಲ. ಮಲ ಹೊರುವವರು ಮುಂಬಾಗಿಲಿಗೆ ಕಾಣಿಸದೆ ಹಿಂದಿನಿಂದ ಬಂದು ಕಕ್ಕಸಿನ ಬಕೆಟ್ಟು ಎತ್ತಿಕೊಂಡು ಹೋಗಬೇಕಿತ್ತು. ಹಳ್ಳಿಯ ಹೊಲಗೇರಿಯ ಅಂತರವನ್ನೇ ನಕ್ಷೆಗಾರರು ಸೈಟಿನ ಹಿಂದಕ್ಕೆ ತಂದಿಟ್ಟರು ಅನ್ನಬೇಕು. ಮನೆಯವರು ಪಡೆದ ಶುಚಿತ್ವದ ಹುಳು, ಭೇದಿ, ಚರ್ಮರೋಗ ಹೊತ್ತವರ ಮೈಗೆ ಹೋಯಿತು. ಸೈಟು ಕೊಳ್ಳಲಾಗದವರಿಗೆ ಪೇಟೆಯ ಇಕ್ಕಟ್ಟೇ ಗತಿ.

ಕೂಳೂರಿನಲ್ಲಿ ಕೂತು ಇದನ್ನು ಬರೆಯಲು ಕಾರಣವಿದೆ. 1990ರ ದಶಕದಿಂದೀಚೆಗೆ ಮಂಗಳೂರಿನಲ್ಲಿ ಮಲೇರಿಯಾ ಏರಿದಾಗೆಲ್ಲ ಬೆರಳು ಕಟ್ಟಡ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದವರ ಕಡೆ ತಿರುಗಿತು. ಪೇಟೆಗಳಲ್ಲಿ ಈ ರೋಗ ಹರಡುವ ಅನಾಫಿಲಿಸ್ ಸೊಳ್ಳೆ ಮೊಟ್ಟೆಯಿಡುವುದು ತೊಟ್ಟಿ, ಟೆರೇಸುಗಳ ನಿಂತ ನೀರಿನಲ್ಲಿ. ಕೂಲಿಯವರು ಪರದೆಯಿಲ್ಲದೆ ಒಂದೇ ಶೆಡ್ಡಿನಲ್ಲಿ ಒತ್ತಾಗಿ ಮಲಗುವುದು ಅದರ ಪಕ್ಕದಲ್ಲೇ. ನೀರು ನಿಲ್ಲಿಸಿದ ಮಾಲೀಕ ಯಾರು ಅಂತ ಕೇಳಿದವರು ಕಡಿಮೆ.