ಊರೇ ಒಡೆಯನಾದ ತಂಡ: ಗ್ರೀನ್ ಬೇ ಪ್ಯಾಕರ್ಸ್

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಮಿಷಿಗನ್ ಸರೋವರದ ಚಾಚೊಂದರ ದಡದಲ್ಲಿರುವ ಗ್ರೀನ್ ಬೇ, ಸುಮಾರು 1.07 ಲಕ್ಷ ಜನಸಂಖ್ಯೆಯ ಪಟ್ಟಣ. ನ್ಯೂಯಾರ್ಕ್, ಶಿಕಾಗೊ, ಲಾಸ್ ಏಂಜಲೀಸ್‌ಗಳಂಥ ಮಹಾನಗರಗಳ ತಂಡಗಳೇ ತುಂಬಿರುವ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ (ಎನ್‌ಎಫ್‌ಎಲ್) ಅತಿ ಹೆಚ್ಚು ಬಾರಿ, ಎಂದರೆ 13 ಸಲ, ಪ್ರಶಸ್ತಿ ಗೆದ್ದಿರುವುದು ಈ ಪಟ್ಟಣದ ತಂಡವಾದ ಗ್ರೀನ್ ಬೇ ಪ್ಯಾಕರ್ಸ್. ಇಲ್ಲಿ ಫುಟ್‌ಬಾಲ್ ಎಂದರೆ ಕಾಲ್ಚೆಂಡಾಟವಲ್ಲ; ತಲಾ ಹನ್ನೊಂದು ಮಂದಿಯ ಎರಡು ತಂಡಗಳು ಅಂಡಾಕಾರದ ಚೆಂಡನ್ನು ಹಿಡಿದು ಓಡುತ್ತ, ಎಸೆಯುತ್ತ ನೂರು ಗಜದ ಅಂಕಣದಲ್ಲಿ ಒಂದೊಂದು ಗಜಕ್ಕೂ ಮೈಮೇಲೆ ಬಿದ್ದು ಹೋರಾಡುವ ಆಟ. ಚೆಂಡು ಪಡೆದ ತಂಡ ನಾಲ್ಕು ಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲಾಗುತ್ತದೆ. ತುದಿಯ ಗೆರೆ ದಾಟಿಸಿದರೆ ಆರು ಅಂಕಗಳ ‘ಟಚ್‌ಡೌನ್’.

ಈ ತಂಡ 1919ರ ಆಗಸ್ಟ್‌ನಲ್ಲಿ ಹುಟ್ಟಿತು. ಊರಿನ ಮಾಂಸ ಸಂಸ್ಕರಣೆ ಕಂಪನಿಯಾದ ಇಂಡಿಯನ್ ಪ್ಯಾಕಿಂಗ್‌ನಲ್ಲಿ ಗುಮಾಸ್ತನಾಗಿದ್ದ ಕರ್ಲಿ ಲ್ಯಾಂಬೊ, ಪ್ರೆಸ್-ಗೆಜೆಟ್ ಪತ್ರಿಕೆಯ ಜಾರ್ಜ್ ಕ್ಯಾಲ್‌ಹೂನ್ ಜೊತೆಗೂಡಿ ತಂಡ ಕಟ್ಟಿದಾಗ, ಕಂಪನಿ ಸಮವಸ್ತ್ರಕ್ಕೆಂದು 500 ಡಾಲರ್ ಕೊಟ್ಟಿತು. ಮಾಂಸ ಡಬ್ಬಿಗೆ ತುಂಬುವ ಕಸುಬಿನಿಂದ ಬಂದ ‘ಪ್ಯಾಕರ್ಸ್’ ಎಂಬ ಹೆಸರು, ಆ ಕಂಪನಿ ಕಣ್ಮರೆಯಾಗಿ ಒಂದು ಶತಮಾನವೇ ಕಳೆದರೂ ಉಳಿದಿದೆ.

1921ರಲ್ಲಿ ಲೀಗ್ ಸೇರಿದ ತಂಡಕ್ಕೆ ಕೀರ್ತಿಗಿಂತ ಮೊದಲು ಸಾಲ ಬಂತು. 1922ರಲ್ಲಿ ಮಳೆ ಸುರಿದು ಪ್ರೇಕ್ಷಕರು ಬಾರದೆ ಬೊಕ್ಕಸ ಬರಿದಾದಾಗ, ಪ್ರೆಸ್-ಗೆಜೆಟ್‌ನ ಪ್ರಕಾಶಕ ಆಂಡ್ರ್ಯೂ ಟರ್ನ್‌ಬುಲ್ ಮತ್ತು ಊರಿನ ಕೆಲವು ಗಣ್ಯರು ಮುಂದೆ ನಿಂತು, 1923ರಲ್ಲಿ ತಂಡವನ್ನು ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಕಂಪನಿಯಾಗಿಸಿ ತಲಾ 5 ಡಾಲರ್‌ನ ಷೇರುಗಳನ್ನು ಪಟ್ಟಣದವರಿಗೆ ಮಾರಿದರು. 1931ರಲ್ಲಿ ಗ್ಯಾಲರಿಯಿಂದ ಬಿದ್ದ ಪ್ರೇಕ್ಷಕನೊಬ್ಬ ಮೊಕದ್ದಮೆ ಹೂಡಿ ಗೆದ್ದು, ಪರಿಹಾರ ಕೊಡಬೇಕಿದ್ದ ವಿಮಾ ಕಂಪನಿಯೇ ಮುಳುಗಿದ್ದರಿಂದ ತಂಡ ನ್ಯಾಯಾಲಯ ನೇಮಿಸಿದ ಆಡಳಿತಗಾರನ ಕೈಸೇರಿದಾಗ, ಊರಿನವರು ಮತ್ತೆ ಜೇಬಿಗೆ ಕೈಹಾಕಿ 15,000 ಡಾಲರ್ ಕೂಡಿಸಿದರು. ಮುಂದೆ 1950ರಲ್ಲಿ, 1997ರಲ್ಲಿ, 2011ರಲ್ಲಿ ಮತ್ತು 2021ರಲ್ಲಿ ಷೇರುಗಳು ಮಾರಾಟಕ್ಕೆ ಬಂದವು. ಕೊನೆಯ ಸಲ ಒಂದರ ಬೆಲೆ 300 ಡಾಲರ್.

ಇಂದು 5.37 ಲಕ್ಷಕ್ಕೂ ಹೆಚ್ಚು ಮಂದಿ ಷೇರುದಾರರಿದ್ದಾರೆ. ಆದರೆ ಷೇರು ಎಂದೊಡನೆ ಲಾಭಾಂಶ, ಪೇಟೆ, ಸೂಚ್ಯಂಕಗಳನ್ನು ನೆನೆಯುವವರಿಗೆ ಇದು ವಿಚಿತ್ರವಾಗಿ ಕಂಡೀತು. ಈ ಷೇರಿಗೆ ಲಾಭಾಂಶವಿಲ್ಲ, ಬೆಲೆ ಏರುವುದಿಲ್ಲ, ಹತ್ತಿರದ ಬಂಧುಗಳಿಗಲ್ಲದೆ ಬೇರೆಯವರಿಗೆ ವರ್ಗಾಯಿಸುವಂತಿಲ್ಲ. ತಂಡವನ್ನು ಮಾರಿದರೂ ಷೇರುದಾರರಿಗೆ ಒಂದು ಕಾಸೂ ಸೇರದು: ಮೊದಲಿದ್ದ ನಿಯಮದಂತೆ ಆ ಹಣ ಮಾಜಿ ಸೈನಿಕರ ಸಂಘಕ್ಕೆ ಯೋಧರ ಸ್ಮಾರಕ ಕಟ್ಟಲು ಹೋಗಬೇಕಿತ್ತು, 1997ರ ತಿದ್ದುಪಡಿಯ ಬಳಿಕ ತಂಡದ ದತ್ತಿ ಪ್ರತಿಷ್ಠಾನಕ್ಕೆ ಹೋಗಬೇಕು. ಮಾರಿದರೆ ಯಾರಿಗೂ ಲಾಭವಿಲ್ಲದಂತೆ ಹೆಣೆದ ಈ ಜಾಣ ಗಂಟೇ, ತಂಡವನ್ನು ದೊಡ್ಡ ನಗರದ ಶ್ರೀಮಂತರು ಹೊತ್ತೊಯ್ಯದಂತೆ ತಡೆದಿದೆ. ಇಂಥ ಒಡೆತನಕ್ಕೆ ಲೀಗ್ ಈಗ ಅವಕಾಶ ಕೊಡುವುದಿಲ್ಲ. ಹಳೆಯದೆಂಬ ಕಾರಣಕ್ಕೆ ಗ್ರೀನ್ ಬೇಗೆ ಮಾತ್ರ ವಿನಾಯಿತಿ.

ಹಾಗೆಂದು ಅಭಿಮಾನಿಗಳ ಷೇರು ಹಣವೇ ತಂಡವನ್ನು ಸಾಕುತ್ತಿದೆ ಎಂಬ ಜನಪ್ರಿಯ ಕಥೆಯನ್ನು ಪೂರ್ತಿ ನಂಬುವಂತಿಲ್ಲ. ಷೇರು ಮಾರಾಟದ ಹಣ ತಂಡವನ್ನು ಮೊದಲ ದಶಕಗಳಲ್ಲಿ ಉಳಿಸಿತು, ಈಚೆಗೆ ಕ್ರೀಡಾಂಗಣದ ಕಾಮಗಾರಿಗೆ ಬಳಕೆಯಾಯಿತು. ನಡುವಿನ ವರ್ಷಗಳ ನಿಜವಾದ ಊರುಗೋಲು ದೂರದರ್ಶನದ ಹಣ. ಲೀಗ್ ಆಯುಕ್ತ ಪೀಟ್ ರೊಜೆಲ್ ಅವರ ಒತ್ತಾಸೆಯಿಂದ 1961ರಲ್ಲಿ ಪ್ರಸಾರದ ಹಕ್ಕುಗಳನ್ನು ಎಲ್ಲ ತಂಡಗಳ ಪರವಾಗಿ ಒಟ್ಟಿಗೆ ಮಾರಲು ಕಾನೂನಿನ ಅನುಮತಿ ದೊರೆತು, ಬಂದದ್ದನ್ನು ಸಮಪಾಲು ಮಾಡುವ ಪದ್ಧತಿ ನೆಲೆಗೊಂಡಿತು. ಅದರಿಂದಾಗಿ ನ್ಯೂಯಾರ್ಕ್‌ನ ತಂಡಕ್ಕೆ ಸಿಗುವಷ್ಟೇ ಮೊತ್ತ ಗ್ರೀನ್ ಬೇಗೂ ಸಿಗುತ್ತದೆ. ಬಂಡವಾಳಶಾಹಿಯ ತವರಿನಲ್ಲಿ ಇಂಥ ಹಂಚಿಕೆ ನಡೆಯುತ್ತಿರುವುದು ಸ್ವಾರಸ್ಯದ ಸಂಗತಿ.

1959ರಲ್ಲಿ ತರಬೇತುದಾರನಾಗಿ ಬಂದ ವಿನ್ಸ್ ಲೊಂಬಾರ್ಡಿ ಏಳು ವರ್ಷಗಳ ಅವಧಿಯಲ್ಲಿ ಐದು ಪ್ರಶಸ್ತಿಗಳನ್ನು, ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ಮೊದಲೆರಡು ಆವೃತ್ತಿಗಳನ್ನೂ ಗೆದ್ದುಕೊಟ್ಟರು. ಸೂಪರ್ ಬೌಲ್ ಟ್ರೋಫಿಗೆ ಇಂದು ಅವರದೇ ಹೆಸರು. ಆ ಕಾಲದ ಅತಿ ಪ್ರಸಿದ್ಧ ಪಂದ್ಯ 1967ರ ಡಿಸೆಂಬರ್ 31ರಂದು ಡಲ್ಲಾಸ್ ಕೌಬಾಯ್ಸ್ ವಿರುದ್ಧ ನಡೆದದ್ದು. ತಾಪಮಾನ ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು; ಹುಲ್ಲಿನಡಿ ಲೊಂಬಾರ್ಡಿ ಹಾಕಿಸಿದ್ದ ವಿದ್ಯುತ್ ತಂತಿಗಳ ವ್ಯವಸ್ಥೆ ಕೈಕೊಟ್ಟು ಅಂಕಣ ಮಂಜುಗಡ್ಡೆಯಾಯಿತು; ಅಂಪೈರ್‌ಗಳ ಲೋಹದ ಸೀಟಿ ತುಟಿಗೆ ಅಂಟಿಕೊಳ್ಳತೊಡಗಿದ್ದರಿಂದ ಅವರು ಕೂಗಿಯೇ ಆಟ ನಡೆಸಬೇಕಾಯಿತು. 14–17ರಿಂದ ಹಿಂದಿದ್ದ ಪ್ಯಾಕರ್ಸ್, ಆಟಕ್ಕೆ 16 ಸೆಕೆಂಡು ಉಳಿದಿರುವಾಗ ಗೆರೆಗೆ ಒಂದೇ ಗಜ ದೂರದಲ್ಲಿತ್ತು. ಚೆಂಡನ್ನು ಬೇರೆಯವರಿಗೆ ಕೊಟ್ಟರೆ ಜಾರಿ ಬಿದ್ದಾರೆಂದು, ದಾಳಿಯ ಸೂತ್ರಧಾರನಾದ ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ತಾನೇ ಅದನ್ನು ಅವಚಿಕೊಂಡು, ಜೆರ್ರಿ ಕ್ರೇಮರ್ ತೆರವು ಮಾಡಿದ ಸಂದಿನಲ್ಲಿ ನುಗ್ಗಿ ಗೆರೆ ದಾಟಿದರು. ಹಿಮವೇ ಎದುರಾಳಿಯಾಗಿದ್ದ ಆ ಪಂದ್ಯ ‘ಐಸ್ ಬೌಲ್’ ಎಂದೇ ಹೆಸರಾಯಿತು.

ಆ ಪಂದ್ಯ ನಡೆದದ್ದು ತಂಡದ ತವರು ಕ್ರೀಡಾಂಗಣದಲ್ಲಿ. 1957ರಲ್ಲಿ ತೆರೆದ ಅದಕ್ಕೆ, ಲ್ಯಾಂಬೊ ತೀರಿಕೊಂಡ 1965ರಲ್ಲಿ ಅವರ ಹೆಸರಿಡಲಾಯಿತು. ಅದರ ನವೀಕರಣಕ್ಕೆಂದು 2000ದಲ್ಲಿ ಬ್ರೌನ್ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಮತದಾರರು ಮತ ಹಾಕಿ ತಮ್ಮ ಮೇಲೆ ತಾವೇ ಶೇ 0.5ರ ಮಾರಾಟ ತೆರಿಗೆ ಹೇರಿಕೊಂಡರು. ಹೈನುಗಾರಿಕೆಯ ನಾಡಾದ ವಿಸ್ಕಾನ್ಸಿನ್‌ನವರನ್ನು ಹಂಗಿಸಲು ನೆರೆರಾಜ್ಯದವರು ಬಳಸುತ್ತಿದ್ದ ‘ಚೀಸ್ ತಲೆ’ ಎಂಬ ಬೈಗುಳವನ್ನೇ ಅಭಿಮಾನಿಗಳು ಹಳದಿ ಸ್ಪಂಜಿನ ತ್ರಿಕೋನ ಟೋಪಿಯಾಗಿಸಿ ತಲೆಗೇರಿಸಿಕೊಂಡಿದ್ದಾರೆ. ಬೇಸಿಗೆಯ ಅಭ್ಯಾಸ ಶಿಬಿರದ ದಿನಗಳಲ್ಲಿ ಊರಿನ ಮಕ್ಕಳು ತಮ್ಮ ಸೈಕಲ್‌ಗಳೊಂದಿಗೆ ಕ್ರೀಡಾಂಗಣದ ಹೊರಗೆ ಕಾಯುತ್ತಾರೆ; ನೂರು ಕಿಲೋ ಮೀರಿದ ಆಟಗಾರ ಮಗುವಿನ ಪುಟ್ಟ ಸೈಕಲ್ ಏರಿ, ಮೊಣಕಾಲು ಹ್ಯಾಂಡಲ್‌ಗೆ ತಾಗಿಸುತ್ತ ಅಭ್ಯಾಸದ ಅಂಕಣಕ್ಕೆ ಸಾಗಿದರೆ, ಮಗು ಅವನ ಹೆಲ್ಮೆಟ್ ಹಿಡಿದು ಪಕ್ಕದಲ್ಲಿ ಓಡುತ್ತದೆ. ಹಿಮ ಬಿದ್ದಾಗ ಗ್ಯಾಲರಿಯನ್ನು ಶುಚಿಗೊಳಿಸಲು ನೂರಾರು ಮಂದಿ ಗಂಟೆಯ ಕೂಲಿಗೆ ಸನಿಕೆ ಹಿಡಿದು ಬರುತ್ತಾರೆ.

ಇಡೀ ಋತುವಿನ ಟಿಕೆಟ್‌ಗಳು 1960ರಿಂದ ಪ್ರತಿ ವರ್ಷ ಖಾಲಿಯಾಗುತ್ತಿದ್ದು, ಕಾಯುವವರ ಪಟ್ಟಿ ಪಟ್ಟಣದ ಜನಸಂಖ್ಯೆಯನ್ನೇ ಮೀರಿದೆ. ಮಗು ಹುಟ್ಟಿದೊಡನೆ ಹೆಸರು ಬರೆಸುವ ಪೋಷಕರೂ ಇದ್ದಾರೆ. ಜುಲೈನಲ್ಲಿ ನಡೆಯುವ ವಾರ್ಷಿಕ ಸಭೆಯಲ್ಲಿ ಕುಳಿತು ನಿರ್ದೇಶಕರ ಆಯ್ಕೆಗೆ ಮತ ಹಾಕಬಲ್ಲ ಷೇರುದಾರ, ತನ್ನ ಷೇರುಪತ್ರ ತೋರಿಸಿ ಆ ಪಟ್ಟಿಯಲ್ಲಿ ಒಂದು ಸ್ಥಾನವೂ ಮುಂದೆ ಸರಿಯುವಂತಿಲ್ಲ.