70 ಸೆಕೆಂಡ್‌ನಲ್ಲಿ ಒಂದು ಎಕ್ಸ್‌ರೇ ಓದೋದು ಹೇಗೆ?

ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ. 35 ನಿಮಿಷ, 30 ಎಕ್ಸ್‌ರೇ. ಅಂದರೆ ಒಂದೊಂದಕ್ಕೆ 70 ಸೆಕೆಂಡ್. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ನಡೆಸುವ ಎಫ್‌ಆರ್‌ಸಿಆರ್ ಪರೀಕ್ಷೆಯ ಕೊನೆಯ ಹಂತದಲ್ಲಿ ಬಹಳ ವರ್ಷ ಇದ್ದ 'ರ್‍ಯಾಪಿಡ್ ರಿಪೋರ್ಟಿಂಗ್' ಇದೇ. ನಮ್ಮ ದೇಶದ ಡಾಕ್ಟರ್‌ಗಳೂ ಈ ಪರೀಕ್ಷೆ ಬರೆಯುತ್ತಾರೆ. ಮಾದರಿ ಈಗ ಬದಲಾಗಿದೆ, ಆದರೆ ರೇಡಿಯಾಲಜಿ ಓದುತ್ತಿರೋರಿಗೆ ನಾನು ಇವತ್ತಿಗೂ ಇದೇ ಲೆಕ್ಕದಲ್ಲಿ ಅಭ್ಯಾಸ ಮಾಡಿಸ್ತೀನಿ.

ವೇಗ ಅಂದರೆ ಗಡಿಬಿಡಿಯಲ್ಲಿ ಕಣ್ಣು ಓಡಿಸೋದಲ್ಲ. ನೋಡುವ ಕ್ರಮ ರೂಢಿಯಾಗಿರಬೇಕು. ಎದೆಯ ಎಕ್ಸ್‌ರೇ ಬಂತು ಅಂದ್ಕೊಳ್ಳಿ. ಎದ್ದು ಕಾಣೋದನ್ನು ಎಲ್ಲರೂ ನೋಡ್ತಾರೆ. ತಪ್ಪಿಹೋಗೋದು ಮರೆಯ ಜಾಗಗಳಲ್ಲಿ: ಶ್ವಾಸಕೋಶದ ಮೇಲ್ತುದಿ, ಹೃದಯದ ಹಿಂಭಾಗ, ವಪೆಯ ಕೆಳಗೆ, ಭುಜದ ಮೂಳೆ. ಕುತ್ತಿಗೆಯದ್ದಾದರೆ ಏಳೂ ಮೂಳೆ ಎಣಿಸಬೇಕು. ಏಳನೆಯದು ಕಾಣದಿದ್ದರೆ 'ಸರಿ ಇದೆ' ಅನ್ನೋ ಹಾಗಿಲ್ಲ. ಮೊಣಕೈಯಲ್ಲಿ ಬಿರುಕು ಕಾಣದೇ ಇರಬಹುದು. ಆದರೆ ಬದಿಯಿಂದ ತೆಗೆದ ಚಿತ್ರದಲ್ಲಿ ಮೂಳೆಯ ಹಿಂದೆ ಕೊಬ್ಬಿನ ಕಪ್ಪು ನೆರಳು ಕಂಡರೆ, ಕೀಲಿನೊಳಗೆ ರಕ್ತ ತುಂಬಿರಬಹುದು, ಎಲ್ಲೋ ಮುರಿದಿರಬಹುದು ಅಂತ ಅನುಮಾನಿಸಬೇಕು.

ಎಲ್ಲಕ್ಕಿಂತ ಕಷ್ಟ ಯಾವುದು ಗೊತ್ತಾ? 'ನಾರ್ಮಲ್' ಅಂತ ಬರೆಯೋದು. ಆ 30ರಲ್ಲಿ ಸುಮಾರು ಅರ್ಧ ನಾರ್ಮಲ್ ಇರುತ್ತಿದ್ದವು, ಯಾವುವು ಅಂತ ಮಾತ್ರ ಹೇಳುತ್ತಿರಲಿಲ್ಲ. ಪರೀಕ್ಷೆ ಅಂದ ಮೇಲೆ ಏನೋ ಇರಲೇಬೇಕು ಅಂತ ಮನಸ್ಸು ಹುಡುಕುತ್ತದೆ. ಮಕ್ಕಳ ಮೊಣಕೈಯಲ್ಲಿ ಇನ್ನೂ ಕೂಡಿಕೊಳ್ಳದ ಮೂಳೆ ತುಣುಕುಗಳು ಇರೋದು ಸಹಜ. ಅದನ್ನೇ ಮುರಿತ ಅಂದರೆ ಏನೂ ಆಗದ ಮಗುವಿನ ಕೈಗೆ ಪ್ಲಾಸ್ಟರ್. ನಿಜವಾದ ಮುರಿತ ಬಿಟ್ಟುಹೋದರೆ, ಮಗು ಅದೇ ಕೈಯಲ್ಲಿ ಮನೆಗೆ. ಅಂಕಕ್ಕಿಂತ ದೊಡ್ಡ ಮಾತು ಇದು.

ಅಭ್ಯಾಸ ಹೀಗೆ ಮಾಡಿ. ನಾರ್ಮಲ್, ಅಬ್‌ನಾರ್ಮಲ್ ಎರಡನ್ನೂ ಬೆರೆಸಿ 30 ಎಕ್ಸ್‌ರೇ ಇಟ್ಟುಕೊಳ್ಳಿ. ಫೋನಿನಲ್ಲಿ ಟೈಮರ್ ಹಾಕಿ. ಉತ್ತರ ಒಂದೇ ಸಾಲು: ಯಾವ ಬದಿ, ಯಾವ ಮೂಳೆ, ಏನಾಗಿದೆ. ಮುಗಿದ ಮೇಲೆ ತಪ್ಪುಗಳನ್ನು ಎರಡು ಪಟ್ಟಿ ಮಾಡಿ. ಇದ್ದದ್ದು ಕಾಣಲಿಲ್ಲ ಅನ್ನೋ ಪಟ್ಟಿ ಉದ್ದ ಇದ್ದರೆ ನೋಡುವ ಕ್ರಮ ತಿದ್ದಿಕೊಳ್ಳಿ. ಇಲ್ಲದ್ದು ಕಂಡಿತು ಅನ್ನೋದು ಉದ್ದ ಇದ್ದರೆ, ಇನ್ನಷ್ಟು ನಾರ್ಮಲ್ ಎಕ್ಸ್‌ರೇ ನೋಡಿ. ಹೆಚ್ಚಿನವರು ಈ ಎರಡನೆಯದನ್ನು ಮಾಡೋದೇ ಇಲ್ಲ.

ಪರೀಕ್ಷೆಗೆ ಓದ್ತಿರೋ ಗೆಳೆಯರಿದ್ದರೆ ಇದನ್ನು ಅವರಿಗೂ ಕಳಿಸಿ.